ಹೊಸ ನಕ್ಷೆ, ಹಳೆಯ ಆಟೋಕ್ಯಾಡ್
ನ್ಯೂಜೆರ್ಸಿಯ ಮಾರಿಸ್‌ಟೌನ್‌ನಲ್ಲಿ, ಸ್ಪೀಡ್‌ವೆಲ್ ಕಬ್ಬಿಣದ ಕಾರ್ಖಾನೆಯೊಳಗೆ, 1838ರ ಜನವರಿಯಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ಮತ್ತು ಆಲ್ಫ್ರೆಡ್ ವೇಲ್ ಎರಡು ಮೈಲಿ ಟೆಲಿಗ್ರಾಫ್ ತಂತಿಯಲ್ಲಿ ಸಂದೇಶ ಹಾಯಿಸಿ ಜನರಿಗೆ ತೋರಿಸಿದರು. ಎರಡೂ ತುದಿಗೆ ಒಂದೇ ಸಂಕೇತ ಗೊತ್ತಿದ್ದರಷ್ಟೇ ಅದು ಸಂದೇಶ, ಇಲ್ಲವಾದರೆ ಬರೀ ಟಕಟಕ. ಇಂದು ಬೆಂಗಳೂರಿನ ಡ್ರಾಫ್ಟ್ಸ್‌ಮನ್ ಅದೇ ಊರಿಗೆ ಆಟೋಕ್ಯಾಡ್ ನಕ್ಷೆ ಮೇಲ್ ಮಾಡಿದರೂ ಕಥೆ ಅಷ್ಟೇ. ಆ ನಕ್ಷೆಯ ಡಿಡಬ್ಲ್ಯುಜಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಮುಂದಿನದೆಲ್ಲ ಕಸದಂತೆ ಕಂಡರೂ ಮೊದಲ ಆರು ಅಕ್ಷರ ಸ್ಪಷ್ಟ. 'ಎಸಿ1032' ಎಂದಿದ್ದರೆ 2018ರ ರೂಪ, 'ಎಸಿ1015' ಆದರೆ 2000ದ್ದು. ಮೊದಲನೆಯದನ್ನು 2015ರ ಆಟೋಕ್ಯಾಡ್ ಮುಟ್ಟುವುದೂ ಇಲ್ಲ. ಆಗ 'ಸೇವ್ ಆ್ಯಸ್'ನಲ್ಲಿ ಹಳೆಯ ರೂಪ ಆರಿಸಬೇಕು. ರಾಶಿ ಫೈಲುಗಳಿದ್ದರೆ ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ ಪುಕ್ಕಟೆ ಕೊಡುವ ಟ್ರೂವ್ಯೂ ಒಂದೇ ಸಲಕ್ಕೆ ಹಳೆಯ ರೂಪಕ್ಕೆ ಇಳಿಸಿಕೊಡುತ್ತದೆ. ಕಂಪನಿಯೇ ಹೂಡಿದ ತೊಡಕಿಗೆ ಕಂಪನಿಯದೇ ಔಷಧಿ, ಇರಲಿ. ಎಡವಟ್ಟಾಗುವುದು ಬೇರೆ ಕಡೆ: ಮುಖ್ಯ ನಕ್ಷೆಯನ್ನು ಇಳಿಸಿ, ಅದಕ್ಕೆ ಹೊರಗಿನಿಂದ ಜೋಡಿಸಿದ ನಕ್ಷೆಗಳನ್ನು, ಅಂದರೆ ಎಕ್ಸ್‌ರೆಫ್‌ಗಳನ್ನು, ಮರೆತರೆ ಆ ಕಡೆಯವರಿಗೆ ಗೋಡೆ ಕಾಣುತ್ತದೆ, ಕಂಬ ಕಾಣುವುದಿಲ್ಲ. ಇನ್ನು ನಕ್ಷೆಯೊಳಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುವ ನಮ್ಮಂಥವರು 2007ಕ್ಕಿಂತ ಕೆಳಗೆ ಇಳಿಯದಿರುವುದೇ ವಾಸಿ. ಯುನಿಕೋಡ್ ಸೇರಿಕೊಂಡದ್ದು ಆ ರೂಪದಿಂದಲೇ.