ಸತ್ಯಭಾಮಾನ ಪಾರ್ಟು ಯಾರು ಮಾಡಬೇಕು?

ಹೋದ ವಾರ ತಂಗಿ ಮನ್ಯಾಗ ಶಾವಿಗಿ ಮಾಡ್ಲಿಕ್ಕೆ ಎಲ್ಲಾರೂ ಕೂಡಿದ್ವಿ. ನಿಮ್ಮೊಳಗ ಒಂದಿಷ್ಟು ಮಂದಿ ಅಲ್ಲೇ ಇದ್ರಿ, ಇಲ್ದವರ ಸಲುವಾಗಿ ಹೇಳ್ತೀನಿ. ತಂಗಿ ಮಗಳು ಎರಡು ವರ್ಷದಿಂದ ಶ್ರೀಕೃಷ್ಣ ಪಾರಿಜಾತ ಕಲೀಲಿಕ್ಕತ್ಯಾಳ. ಬರೋ ಜಾತ್ರಿಗೆ ಸತ್ಯಭಾಮಾನ ಪಾರ್ಟು ಅಕಿಗೆ ಕೊಟ್ಟಾರ. ಅಷ್ಟರಾಗ ಒಂದು ಸಂಬಂಧ ಬಂದದ. ಹುಡುಗನ ಕಡಿಯವರು ಎಲ್ಲಾದಕ್ಕೂ ಒಪ್ಪಿ ಒಂದ ಮಾತು ಹೇಳಿ ಕಳಿಸ್ಯಾರ: 'ಈ ವೇಷ ಕಟ್ಟೋದೊಂದು ಬಿಡಸ್ರಿ.' ನಮ್ಮಲ್ಲೇ ಹಿರೇರೊಬ್ರು ಶಾವಿಗಿ ಹೊಸಕೋತ ಅದಕ್ಕ ತುಪ್ಪಾನೂ ಹಾಕಿದ್ರು. 'ಖರೇನ ಅದ. ಹೆಣ್ಣಿನ ಪಾರ್ಟು ಗಂಡಸರು ಮಾಡಿದ್ರನ ಚೆಂದ. ಹಿಂದಕಿನಿಂದ ಹಂಗ ಬಂದದ. ಚೀನಾದಾಗೂ ಹಂಗ, ಫಾರಿನ್ ಒಪೆರಾದಾಗೂ ಹಂಗ ಇತ್ತಂತ, ಮೊಬೈಲ್‌ನ್ಯಾಗ ನೋಡೀನಿ.'

ಆವತ್ತು ಕೈ ತುಂಬ ಹಿಟ್ಟಿತ್ತು, ಸುಮ್ನ ಕೂತೆ. ಇವತ್ತು ಕೈ ಖಾಲಿ ಅವ.

ಮೊದಲ ಒಪೆರಾ ಅಂದ್ರ ಏನು ಅಂತ ಹೇಳಿಬಿಡ್ತೀನಿ. ಅದೇನು ದೊಡ್ಡ ಗುಟ್ಟಲ್ಲ. ಒಂದು ಕಥಿ, ವೇಷ, ವಾದ್ಯ, ಮತ್ತ ಮಾತೆಲ್ಲಾ ಹಾಡಿನ್ಯಾಗ. ರುಕ್ಮಿಣಿಗೆ ಹೂವು ಸಿಕ್ತು, ನಂಗ ಸಿಗಲಿಲ್ಲಂತ ಸತ್ಯಭಾಮಾ ಸಿಟ್ಟಾಗಿ ರಾತ್ರಿಯೆಲ್ಲಾ ಹಾಡ್ತಾಳಲ್ಲ, ಅದೂ ಆ ಜಾತೀದ. ಹಂಗಾಗಿ ಅಲ್ಲಿದು ಇಲ್ಲಿದು ಕೂಡಿಸಿ ಮಾತಾಡಿದ್ದು ತಪ್ಪಲ್ಲ. ಆದ್ರ ಕೂಡಸೋದಾದ್ರ ಪೂರ್ತಿ ಕೂಡಸ್ಬೇಕು. ಅರ್ಧಾ ತೋರಿಸಿ ಅರ್ಧಾ ಸೆರಗಿನ್ಯಾಗ ಮುಚ್ಚಬಾರದು.

ಇಟಲಿದು ತಗೋರಿ. 1588ರಾಗ ರೋಮಿನ ಪೋಪ್ ಐದನೇ ಸಿಕ್ಸ್‌ಟಸ್ ಹೆಂಗಸರು ರಂಗದ ಮ್ಯಾಲೆ ಬರಬಾರದು ಅಂತ ಹುಕುಂ ಮಾಡಿದ್ರು. ಚರ್ಚಿನ ಗಾಯನದಾಗ ಅಂತೂ ಮೊದಲ ಹೆಂಗಸರಿಗೆ ಜಾಗಾ ಇರಲಿಲ್ಲ. ಆಮ್ಯಾಲೆ ಒಪೆರಾ ಹುಟ್ಟಿತು, ರೋಮಿಗೂ ಬಂತು. ಅದರಾಗಿನ ರಾಣಿ, ನಾಯಕಿ ಇವರ ಎತ್ತರದ ಧ್ವನಿ ಎಲ್ಲಿಂದ ತರಬೇಕು? ಸಣ್ಣ ಗಂಡುಹುಡುಗರನ್ನ ಹಿಡದು, ಧ್ವನಿ ಒಡಿಯೋಕಿಂತ ಮುಂಚೆ, ನಾವು ಹೋರಿಗೆ ಬೀಜ ಒಡಿಸ್ತೀವಲ್ಲ, ಹಂಗ ಮಾಡಿಸಿದ್ರು. ಭಾಳ ಮಂದಿ ಬಡವರ ಮಕ್ಕಳು. ಅವರಿಗೆ ಕಾಸ್ಟ್ರಾಟೊ ಅಂತ ಹೆಸರು. ಫಾರಿನೆಲ್ಲಿ ಅನ್ನಾಂವ (1705–1782) ಅವರೊಳಗ ಯುರೋಪಿಗೆಲ್ಲಾ ಹೆಸರಾದಾಂವ. ಅಂಥವ ಒಬ್ಬ ಇದ್ರ, ಮೈನೂ ಹೋಗಿ ಹಾಡೂ ಬರದ ಉಳದವರು ಎಷ್ಟೋ ಮಂದಿ. ಮೊರೆಸ್ಕಿ ಅನ್ನೋ ಕಾಸ್ಟ್ರಾಟೊ ಹಾಡಿದ್ದು 1902 ಮತ್ತ 1904ರಾಗ ರೆಕಾರ್ಡೂ ಆಗೇದ. ಕೇಳ್ರಿ ಬೇಕಾದ್ರ. ನಂಗ ಕೇಳಿ ನಿದ್ದಿ ಬರಲಿಲ್ಲ. ತಾಯಂದಿರೇ, ಹೆಣ್ಣಿನ ಬಾಯಿ ಮುಚ್ಚಲಿಕ್ಕೆ ಹೋಗಿ ಗಂಡುಮಕ್ಕಳ ಮೈ ಕಡದ್ರು. ಇದು ಕಲಾದ ನಿಯಮ ಏನು?

ನಿಯಮ ಆಗಿದ್ರ ಎಲ್ಲಾ ಕಡೆ ಇರಬೇಕಿತ್ತು. ಅದೇ ಇಟಲ್ಯಾಗ ವೆನಿಸ್ ಶಹರ ಅದ. 1637ರಾಗ ರೊಕ್ಕಾ ಕೊಟ್ಟು ಯಾರು ಬೇಕಾದ್ರೂ ನೋಡೋ ಮೊದಲನೇ ಒಪೆರಾ ಥೇಟರು ಅಲ್ಲೇ ತಗದ್ರು. ಅಲ್ಲೆ ಹೆಂಗಸರು ಹಾಡಿದ್ರು. ಮೊಂಟೆವೆರ್ಡಿ ಅನ್ನೋ ದೊಡ್ಡ ಸಂಗೀತಗಾರರ ಒಂದು ಒಪೆರಾದಾಗ 1643ರಾಗ ರಾಣಿ ಪಾರ್ಟು ಹಾಡಿದಾಕಿ ಅನ್ನಾ ರೆಂಜಿ. ಊರೆಲ್ಲಾ ಅಕಿ ಹೆಸರು ಹೇಳ್ತಿತ್ತು. ಫ್ಲಾರೆನ್ಸಿನ ಫ್ರಾಂಚೆಸ್ಕಾ ಕಚ್ಚೀನಿ 1625ರಾಗ ತಾನೇ ಒಂದು ಒಪೆರಾಕ್ಕ ಸಂಗೀತ ಕಟ್ಟಿದ್ಲು. ಒಂದ ದೇಶ, ಒಂದ ಭಾಷಾ, ಒಂದ ಹಾಡಿನ ಪದ್ಧತಿ. ರೋಮಿನ್ಯಾಗ ಹೆಣ್ಣಿಗೆ ಬಾಗಲಾ ಹಾಕಿದ್ರು, ವೆನಿಸಿನ್ಯಾಗ ತಗದ್ರು. ಹಂಗಾದ್ರ ಆ ಬಾಗಲಾ ಹಾಕಿದ್ದು ಸಂಗೀತ ಅಲ್ಲ, ಮನುಷ್ಯಾರು.

ಇನ್ನ ಚೀನಾ. ಚಿಂಗ್ ರಾಜರ ಕಾಲದಾಗ ಬೀಜಿಂಗಿನ ರಂಗದ ಮ್ಯಾಲೆ ಹೆಂಗಸರಿಗೆ ನಿರ್ಬಂಧ ಇತ್ತು. ಹಿಂಗಾಗಿ ಹೆಣ್ಣಿನ ಪಾರ್ಟು ಗಂಡಸರ ಪಾಲಿಗೆ ಹೋತು. ಅದರಾಗ ಮೇ ಲಾನ್‌ಫಾಂಗ್ (1894–1961) ದೊಡ್ಡವರು, ಇಲ್ಲನ್ನಂಗಿಲ್ಲ. 1930ರಾಗ ಅಮೇರಿಕಾಕ್ಕ, 1935ರಾಗ ರಷ್ಯಾಕ್ಕ ಹೋಗಿ ಬಂದವರು. ಅವರ ಬೆರಳಿನ ಆಟ, ಕಣ್ಣಿನ ಆಟ ನೋಡಿದ್ರ ನಂಗೂ ಸೀರಿ ಉಡೋದು ಹೊಸದಾಗಿ ಕಲೀಬೇಕು ಅನಸ್ತದ. ಆದ್ರ ನಮ್ಮ ಹಿರೇರು ಹೇಳದ ಬಿಟ್ಟಿದ್ದು ಇದು: ಮೇ ಲಾನ್‌ಫಾಂಗ್ ತಾವೇ ಹೆಣ್ಣುಮಕ್ಕಳನ್ನ ಶಿಷ್ಯಾರಾಗಿ ತಗೊಂಡ್ರು, ತಮ್ಮ ವಿದ್ಯಾ ಅವರಿಗೆ ಕೊಟ್ರು. ಹೆಣ್ಣಿನ ಪಾರ್ಟಿಗೆ ಗಂಡಸ ಬೇಕು ಅಂತ ಅವರಿಗೇ ಅನಸಲಿಲ್ಲ, ನಿಮಗ್ಯಾಕ ಅನಸ್ತದ?

ಅಲ್ಲಿಗೂ ಮುಗೀಲಿಲ್ಲ. ಬೀಜಿಂಗ್ ಒಪೆರಾದಾಗ ಗಡ್ಡದ ಮುದುಕನ ಪಾರ್ಟಿಗೆ ಹೆಸರು ಮಾಡಿದಾಕಿ ಒಬ್ಬಾಕಿ ಇದ್ಲು, ಮೆಂಗ್ ಶಿಯಾವ್‌ಡಾಂಗ್. ಅಕಿ ಹೆಂಗಸು! ಚೀನಾದ್ದೇ ಯುಯೆ ಒಪೆರಾದಾಗ 1923ರಿಂದ ಬರೇ ಹೆಣ್ಣುಮಕ್ಕಳದ ಮೇಳ ಸುರು ಆದ್ವು; ನಾಯಕನೂ ಹೆಣ್ಣು, ನಾಯಕಿನೂ ಹೆಣ್ಣು. ಇತ್ತ ಮೊಟ್ಸಾರ್ಟ್ ಬರದ 1786ರ ಫಿಗರೊ ಒಪೆರಾದಾಗ ತುಂಟ ಹುಡುಗನ ಪಾರ್ಟು ಮೊದಲನೇ ದಿನದಿಂದ ಹೆಂಗಸರ ಹಾಡ್ತಾರ. ಗಂಡಸು ಹೆಣ್ಣಾದ್ರ ಕಲಾ, ಹೆಣ್ಣು ಗಂಡಸಾದ್ರೂ ಕಲಾ, ಹೆಣ್ಣು ಹೆಣ್ಣಾದ್ರ ಮಾತ್ರ ಮರ್ಯಾದಿ ಹೋಗ್ತದೇನು?

ನಮ್ಮ ಕಡಿಗೆ ಬರೋಣ. ಬಾಲಗಂಧರ್ವರ (1888–1967) ಹೆಸರು ಅಜ್ಜಿಂದಿರ ಬಾಯಾಗ ಕೇಳೀರಿ. ಮರಾಠಿ ಸಂಗೀತ ನಾಟಕದಾಗ ಹೆಣ್ಣಿನ ಪಾರ್ಟು ಮಾಡ್ತಿದ್ರು. ಅವರು ಸೀರಿ ಉಟ್ಟಂಗ, ಹೂವು ಮುಡದಂಗ ಪುಣೆ ಮುಂಬೈ ಹೆಂಗಸರು ಉಡೋರು, ಮುಡಿಯೋರು. ಆ ಸಂಗೀತ ನಾಟಕಕ್ಕ ಗಟ್ಟಿ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲಾದ ಗುರ್ಲಹೊಸೂರಿನವರು. ಬಾಲಗಂಧರ್ವರ ಹಾಡು ನಾನೂ ಕೇಳ್ತೀನಿ, ಕೈ ಮುಗೀತೀನಿ. ಅವರು ಮಾಡಿದ್ದು ತಪ್ಪು ಅಂತ ನನ್ನ ವಾದ ಅಲ್ಲ. ಅವರು ಛಲೋ ಮಾಡಿದ್ರು ಅನ್ನೋದನ್ನ ತಂದು ನಮ್ಮ ಹುಡಗಿ ಕಾಲಿಗೆ ಸರಪಳಿ ಮಾಡಬ್ಯಾಡ್ರಿ ಅನ್ನೋದು ನನ್ನ ವಾದ.

ಮತ್ತ ಪಾರಿಜಾತದ್ದ ಮಾತಾಡೋದಾದ್ರ, ಕುಲಗೋಡ ತಮ್ಮಣ್ಣನ ಹೆಸರು ಹೇಳೋ ಬಾಯಿ ಕೌಜಲಗಿ ನಿಂಗಮ್ಮನ ಹೆಸರೂ ಹೇಳಬೇಕಾಗ್ತದ. ಅಕಿ ಬಂದಾಳಂದ್ರ ಬಂಡಿ ಕಟಗೊಂಡು ಮಂದಿ ಹೋಗ್ತಿದ್ರಂತ ನಮ್ಮವ್ವ ಹೇಳ್ತಿದ್ಲು. ಹೆಣ್ಣು ಮಾಡಿದ್ದಕ್ಕ ಪಾರಿಜಾತ ಕೆಡಲಿಲ್ಲ.

ಇನ್ನ ಖರೇ ಕಾರಣಕ್ಕ ಬರ್ತೀನಿ, ಯಾಕಂದ್ರ ಚೆಂದ, ಕಲಾ ಇವೆಲ್ಲಾ ಮ್ಯಾಲಿನ ಮಾತು. ಒಳಗಿಂದು ಮರ್ಯಾದಿ. 'ನಾಕು ಮಂದಿ ಮುಂದ ಕುಣದಾಕಿ' ಅಂತ ಅಂದಾರು ಅನ್ನೋ ಅಂಜಿಕಿ. ಗಂಗೂಬಾಯಿ ಹಾನಗಲ್ಲರು ಸಣ್ಣಾಕಿದ್ದಾಗ ಓಣ್ಯಾಗ ಮಂದಿ ಚುಚ್ಚಿ ಮಾತಾಡ್ತಿದ್ದುದನ್ನ ತಾವೇ ಹೇಳಕೊಂಡಾರ. ಮುಂದ ಗಂಟಲದ ಉಪಚಾರ ಆಗಿ ಅವರ ಧ್ವನಿ ಗಂಡಸಿನಂಗ ದಪ್ಪಾತು, ಆ ಧ್ವನಿ ಹಿಡಕೊಂಡ ಹಾಡಿ 2002ರಾಗ ಪದ್ಮವಿಭೂಷಣ ತಗೊಂಡ್ರು. ಈಗ ಹುಬ್ಬಳ್ಳ್ಯಾಗ 'ನಮ್ಮ ಗಂಗಕ್ಕ' ಅಂತ ಎಲ್ಲಾರೂ ಅಂತಾರ. ಆ ಚುಚ್ಚಿದ ಮಂದಿ ಹೆಸರು ಒಬ್ಬರಿಗೂ ನೆನಪಿಲ್ಲ.

ಮತ್ತ ಆ ನಾಕು ಮಂದಿ ಯಾರ್ರೀ? ಪೋಪೂ ಅಲ್ಲ, ಚೀನಾದ ರಾಜಾನೂ ಅಲ್ಲ. ಶಾವಿಗಿ ಮಣಿ ಸುತ್ತ ಕೂತ ನಾವ. ನನ್ನ ಮೌಶಿಗೆ ಸತ್ಯಭಾಮಾನ ಹಾಡೆಲ್ಲಾ ಬಾಯಿಪಾಠ ಇದ್ವು. ಹಾಡ್ತಿದ್ದದ್ದು ಬಚ್ಚಲ ಒಲಿ ಮುಂದ, ಕೂಸು ತೂಗುವಾಗ, ಅದೂ ಮಾವ ಹೊರಗ ಹೋದಾಗ. ಒಂದು ಸಲ ನಾ ಜೋರಾಗಿ ಹಾಡು ಮೌಶಿ ಅಂದ್ರ, ಅಕಿ ಮೊದಲು ಬಾಗಲಾ ಮುಂದ ಮಾಡಿದ್ಲು. ಅಕಿಗೆ ಯಾವ ಗಂಡಸೂ ಬ್ಯಾಡ ಅಂದಿದ್ದಿಲ್ಲ. ನಮ್ಮ ಅಜ್ಜಿ ಅಂದಿದ್ಲು.

ಅದಕ್ಕ ತಂಗಿಗೆ ಇಷ್ಟ ಹೇಳೀನಿ: ಹುಡುಗನ ಕಡಿಯವರನ್ನ ಜಾತ್ರಿಗೇ ಕರಿ. ಹುಡಗಿ ವೇಷ ಕಟ್ಟಿದ್ದು ನೋಡಲಿ, ಹಾಡಿದ್ದು ಕೇಳಲಿ. ಆಮ್ಯಾಲೂ ಬ್ಯಾಡ ಅಂದ್ರ ಅವರಿಗೆ ಬ್ಯಾಡಾದದ್ದು ವೇಷ ಅಲ್ಲ, ಹುಡಗಿ. ಲಗ್ನ ಆಗೋಕಿಂತ ಮೊದಲ ಗೊತ್ತಾಗೋದು ಛಲೋ.

ನಿಮಗೂ ಒಂದು ಮಾತು. ಆವತ್ತು ರೊಟ್ಟಿ ಸಂಜೀಕ ಬಡದು ಇಟ್ಟು ಬರ್ರಿ. ಹಿಂದ ಗಂಡಸರ ಬೆನ್ನ ಮರೀಗೆ ಕೂಡೋದು ಬ್ಯಾಡ. ಮುಂದಿನ ಜಮಖಾನಿ ಮ್ಯಾಲೆ ನಾ ಜಾಗಾ ಹಿಡದಿರ್ತೀನಿ. ಶಾವಿಗಿ ಹೊಸಕೋತ ತುಪ್ಪಾ ಹಾಕಿದವರಿಗೆ ನನ್ನ ಬಾಜೂಕ.