ಬೇಳೆ ಬೇಯದ ನೀರು, ಸೋರುವ ದುಡ್ಡು

ಕೋಲಾರ ಜಿಲ್ಲೆಯ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ತೊಗರಿಬೇಳೆ ಬೇಯಿಸುವುದೇ ದೊಡ್ಡ ಕೆಲಸ. ಕುಕ್ಕರ್ ಆರು ವಿಷಲ್ ಕೂಗಿದ ಮೇಲೆ ಮುಚ್ಚಳ ತೆಗೆದರೂ ಬೇಳೆ ಮಸೆಯಲು ಬರುವುದಿಲ್ಲ. ನೀರು ಬೇರೆ, ಬೇಳೆ ಬೇರೆ. ‘ಹಳೇ ಬೇಳೆ ಕೊಟ್ಟಿದ್ದಾನೆ’ ಎಂದು ಅಂಗಡಿಯವನ ಮೇಲೆ ಸಿಟ್ಟಾಗುತ್ತಾರೆ, ಚಿಟಿಕೆ ಅಡುಗೆ ಸೋಡಾ ಹಾಕುತ್ತಾರೆ, ಮತ್ತೆ ಒಲೆ ಹಚ್ಚುತ್ತಾರೆ. ಸೋಡಾ ಹಾಕಿದರೆ ಬೇಳೆ ಬೇಯುತ್ತದೆ ನಿಜ, ಆದರೆ ಅದರಲ್ಲಿರುವ ಬಿ ಜೀವಸತ್ವ ಹಾಳಾಗುತ್ತದೆ. ಅಂಗಡಿಯವನ ತಪ್ಪು ಇದರಲ್ಲಿ ಕಡಿಮೆ. ಬಹುಪಾಲು ತಪ್ಪು ಕೊಳವೆಬಾವಿಯ ನೀರಿನದು.

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಸಾಲುಸಾಲು ಕೆರೆಗಳನ್ನು ನಂಬಿ ಬದುಕಿದ ನಾಡು ಕಳೆದ ಕೆಲವು ದಶಕಗಳಲ್ಲಿ ಕೊಳವೆಬಾವಿಗೆ ತಿರುಗಿತು. ಈಗ ಸಾವಿರ ಅಡಿ ದಾಟಿದರೂ ಎಷ್ಟೋ ಕಡೆ ನೀರು ಸಿಗುವುದಿಲ್ಲ. ಸಿಕ್ಕ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತದ್ದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗಿರುತ್ತದೆ. ಆ ಕ್ಯಾಲ್ಸಿಯಂ ಬೇಳೆಯ ತಿರುಳಿನಲ್ಲಿರುವ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿಗೊಳಿಸುತ್ತದೆ. ಬೇಳೆ ಮೆತ್ತಗಾಗದಿರಲು ಇದೇ ಕಾರಣ. ಬಟ್ಟೆಸೋಪು ನೊರೆ ಬಿಡದಿರುವುದಕ್ಕೂ, ನಲ್ಲಿಯ ಬಾಯಿಗೆ ಬಿಳಿ ಉಪ್ಪು ಕಟ್ಟುವುದಕ್ಕೂ, ನೀರು ಕಾಯಿಸುವ ಕಾಯಿಲ್ ವರ್ಷಕ್ಕೊಮ್ಮೆ ಸುಟ್ಟುಹೋಗುವುದಕ್ಕೂ ಕಾರಣ ಈ ಗಡಸುತನವೇ. ಗ್ಯಾಸ್, ಸೋಪು, ಕರೆಂಟು, ರಿಪೇರಿ ಎಂದು ಖರ್ಚನ್ನು ಬೇರೆಬೇರೆ ಬರೆದಿಡುವ ಮನೆಯವರಿಗೆ ಇವೆಲ್ಲದರ ಹಿಂದೆ ಒಂದೇ ನೀರು ಇದೆ ಎಂಬುದು ಹೊಳೆಯುವುದು ಅಪರೂಪ.

ಮನೆವಾರ್ತೆಯ ಸಲಹೆಗಳಿಗೆ ಈಗ ಬರವಿಲ್ಲ. ಮೊಬೈಲ್ ತೆರೆದರೆ ದಿನಕ್ಕೆ ಹತ್ತು ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ನದಿನೀರು ಕುಡಿಯುವ ಊರಿಗೂ ಕೊಳವೆಬಾವಿ ನೀರು ಕುಡಿಯುವ ಊರಿಗೂ ಒಂದೇ ಮಾತು ಹೇಳುತ್ತವೆ. ಕೋಲಾರದ ಮನೆಗಳಿಗೆ ಅದು ಸಾಲದು. ಇಲ್ಲಿ ಯಾವ ಉಳಿತಾಯವನ್ನಾದರೂ ನೀರಿನಿಂದಲೇ ಶುರು ಮಾಡಬೇಕು. ಕೆಲವು ಸಾಮಾನ್ಯ ಸಲಹೆಗಳಂತೂ ಇಲ್ಲಿ ಕೇಡನ್ನೇ ಮಾಡುತ್ತವೆ.

ಅಂಥದ್ದರಲ್ಲಿ ಮೊದಲನೆಯದು, ‘ನೀರನ್ನು ಚೆನ್ನಾಗಿ ಕುದಿಸಿ ಕುಡಿಯಿರಿ’ ಎಂಬುದು. ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಎಂದು ದೇಶದ ಮಾನದಂಡ ಹೇಳುತ್ತದೆ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಅಷ್ಟೂ ತಳದಲ್ಲೇ ಉಳಿಯುವುದರಿಂದ ಅದರ ಸಾಂದ್ರತೆ ಏರುತ್ತದೆ. ಹತ್ತು ಲೀಟರ್ ನೀರನ್ನು ಎಂಟಾಗುವವರೆಗೆ ಕುದಿಸಿ ಮಕ್ಕಳಿಗೆ ಕೊಡುವ ತಾಯಿ ಕಾಳಜಿಯಿಂದಲೇ ಹೆಚ್ಚು ಫ್ಲೋರೈಡ್ ಇರುವ ನೀರು ಕೊಡುತ್ತಿರುತ್ತಾಳೆ. ಮೇಣದಬತ್ತಿಯಾಕಾರದ ಕ್ಯಾಂಡಲ್ ಫಿಲ್ಟರಿಗೂ ಅದನ್ನು ತಡೆಯಲು ಆಗದು. ಸುಮಾರು ಎಂಟು ವರ್ಷದೊಳಗೆ, ಹಲ್ಲು ಒಳಗೊಳಗೇ ರೂಪುಗೊಳ್ಳುವ ಕಾಲದಲ್ಲಿ, ಇಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಮೂಡುವ ಹಳದಿ, ಕಂದು ಪಟ್ಟೆ ಯಾವ ಪೇಸ್ಟಿಗೂ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದ ದೊಡ್ಡವರಿಗೆ ಮಂಡಿ, ಸೊಂಟ, ಕುತ್ತಿಗೆ ಹಿಡಿದುಕೊಳ್ಳುತ್ತದೆ.

ಶುದ್ಧ ಕುಡಿಯುವ ನೀರಿನ ಘಟಕಗಳು ಬಂದ ಮೇಲೆ ಹಳ್ಳಿಗಳಲ್ಲಿ ಬೆಳಿಗ್ಗೆ ಬೈಕಿನ ಹಿಂದೆ, ಸೈಕಲ್ ಪಕ್ಕ ಕ್ಯಾನುಗಳು ಕಾಣುತ್ತವೆ. ಒಳ್ಳೆಯದೇ. ಆದರೆ ಆ ನೀರು ಕುಡಿಯುವುದಕ್ಕೆ ಮಾತ್ರ ಎಂಬ ರೂಢಿ ಬಲವಾಗಿದೆ. ಅನ್ನಕ್ಕೆ, ಬೇಳೆಗೆ, ಮುದ್ದೆಯ ಎಸರಿಗೆ ಮಾತ್ರ ನಲ್ಲಿಯ ಬೋರ್ ನೀರು! ಅಕ್ಕಿ, ಬೇಳೆ, ರಾಗಿಹಿಟ್ಟು ಹಾಕಿದ ನೀರನ್ನೆಲ್ಲ ಹೀರಿಕೊಳ್ಳುತ್ತವೆ. ಜೊತೆಗೆ ಫ್ಲೋರೈಡೂ ತಟ್ಟೆಗೆ ಬರುತ್ತದೆ. ಇಲ್ಲಿ ಒಂದು ಕ್ಯಾನು ಹೆಚ್ಚಿಗೆ ತರುವುದೇ ಉಳಿತಾಯ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ಸೇರಿ ದಿನಕ್ಕೆ 25 ಲೀಟರ್ ಸಾಕು. ಇಪ್ಪತ್ತು ಲೀಟರಿಗೆ 5 ರೂಪಾಯಿ ನಾಣ್ಯ ಹಾಕುವ ಘಟಕವಿದ್ದರೆ ತಿಂಗಳಿಗೆ 190 ರೂಪಾಯಿ ದಾಟುವುದಿಲ್ಲ. ಅದೇ ನೀರಿನಲ್ಲಿ ಅರ್ಧ ಗಂಟೆ ನೆನೆಸಿಟ್ಟ ಬೇಳೆ ಬೇಗ ಬೇಯುತ್ತದೆ. ಹುರುಳಿ, ಅಲಸಂದೆ, ಒಣ ಅವರೆಯನ್ನು ರಾತ್ರಿಯೇ ನೆನೆಹಾಕಿದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಸಿಲಿಂಡರ್ ಎಷ್ಟು ದಿನ ಬಂತೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಮನೆಯವರು ಇದನ್ನು ಒಂದು ಸಿಲಿಂಡರಿನಷ್ಟು ಕಾಲ ಮಾಡಿ ನೋಡಬಹುದು.

ಊಟದಲ್ಲೂ ಒಂದು ರಕ್ಷಣೆಯಿದೆ. ಕ್ಯಾಲ್ಸಿಯಂ, ಸಿ ಜೀವಸತ್ವ ಚೆನ್ನಾಗಿ ಸಿಗುವ ದೇಹಕ್ಕೆ ಫ್ಲೋರೈಡ್ ಮಾಡುವ ಹಾನಿ ಕಡಿಮೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನುಗ್ಗೆಸೊಪ್ಪು, ನೆಲ್ಲಿಕಾಯಿ, ಹಾಲು ಎಲ್ಲವೂ ಇಲ್ಲಿಯವೇ. ಡೇರಿಗೆ ಎರಡು ಹೊತ್ತು ಹಾಲು ಹಾಕುವ ಮನೆಯಲ್ಲಿ ಮಕ್ಕಳ ಲೋಟಕ್ಕೆ ಹಾಲು ಕಡಿಮೆಯಾಗಿ ಟೀ ಹೆಚ್ಚಾಗುವುದು ಬೇಸರದ ಸಂಗತಿ. ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇರುತ್ತದೆಂಬುದನ್ನು ತಾಯಂದಿರಿಗೆ ಯಾರಾದರೂ ಹೇಳಬೇಕು.

ಮನೆಯಲ್ಲೇ ಆರ್‌ಒ ಯಂತ್ರ ಇಟ್ಟವರ ಸಮಸ್ಯೆ ಬೇರೆ. ಒಂದು ಲೀಟರ್ ಒಳ್ಳೆಯ ನೀರು ಕೊಡಲು ಅದು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಆ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಅಂಗಳ ತೊಳೆಯಲು, ಪಾಯಿಖಾನೆಗೆ ಬಳಸುವುದು ಸರಿಯಾದ ಕ್ರಮ. ಬಿಸಾಡಲು ಮನಸ್ಸು ಬಾರದೆ ಹಸುವಿನ ತೊಟ್ಟಿಗೆ ಸುರಿಯುವುದು ಮಾತ್ರ ತಪ್ಪು. ಯಂತ್ರ ಬೇರ್ಪಡಿಸಿದ ಲವಣವೂ ಫ್ಲೋರೈಡೂ ಆ ನೀರಿನಲ್ಲೇ ಇರುತ್ತವೆ. ಹಸುಗಳಿಗೂ ಹಲ್ಲು ಸವೆಯುತ್ತದೆ, ಕಾಲು ಹಿಡಿಯುತ್ತದೆ. ಹಾಲಿನಿಂದ ಬದುಕುವ ಮನೆಗೆ ಇದು ನೇರ ನಷ್ಟ.

ಇನ್ನು ಉಪ್ಪು ಕಟ್ಟುವ ವಿಷಯ. ಅಂಗಡಿಯ ದುಬಾರಿ ದ್ರಾವಣಗಳು ಇಲ್ಲಿ ಬೇಕಿಲ್ಲ, ಏಕೆಂದರೆ ಸಾರಿಗೆ ಕಿವುಚಿ ಎಸೆಯುವ ಹುಣಸೆ ಹಿಪ್ಪೆಯಲ್ಲೇ ಆಮ್ಲವಿದೆ. ಹಿಪ್ಪೆಯನ್ನು ಒಂದು ಹಳೆಯ ಬಟ್ಟೆಯಲ್ಲಿ ಕಟ್ಟಿ ನಲ್ಲಿಯ ಬಾಯಿಗೆ ರಾತ್ರಿ ಸುತ್ತಿಟ್ಟರೆ ಬೆಳಿಗ್ಗೆ ಉಜ್ಜಿದಾಗ ಬಿಳಿ ಪೊರೆ ಮೆತ್ತಗಾಗಿ ಕಳಚುತ್ತದೆ. ಹಿಂಡಿದ ನಿಂಬೆ ಸಿಪ್ಪೆಯಿಂದಲೂ ಇದೇ ಕೆಲಸ ಆಗುತ್ತದೆ. ನೀರು ಕಾಯಿಸುವ ಕಾಯಿಲ್ಲನ್ನು ಪ್ಲಗ್ ಕಿತ್ತು, ತಣ್ಣಗಾದ ಮೇಲೆ, ಹುಣಸೆ ನೀರಿನಲ್ಲಿ ಅದ್ದಿಟ್ಟು ತಿಂಗಳಿಗೊಮ್ಮೆ ಉಜ್ಜಬೇಕು. ಪೊರೆ ದಪ್ಪವಾದಷ್ಟೂ ಶಾಖ ನೀರಿಗೆ ತಡವಾಗಿ ಮುಟ್ಟುತ್ತದೆ, ಮೀಟರ್ ಓಡುತ್ತಲೇ ಇರುತ್ತದೆ. 2,000 ವಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಮುಗಿಯಿತು.

ಉಚಿತ ವಿದ್ಯುತ್ತಿನ ಗೃಹಜ್ಯೋತಿ ಇರುವಾಗ ಕರೆಂಟಿನ ಚಿಂತೆ ಯಾಕೆ ಎನ್ನುವವರಿದ್ದಾರೆ. 2023ರಲ್ಲಿ ಶುರುವಾದ ಈ ಯೋಜನೆ 200 ಯೂನಿಟ್‌ವರೆಗೆ ಎಂದು ಹೆಸರಾಗಿದ್ದರೂ ಪ್ರತಿ ಮನೆಯ ಮಿತಿ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ. ಆ ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಇಡೀ ಬಿಲ್ ಮನೆಯವರದೇ. ಉಪ್ಪು ಕಟ್ಟಿದ ಒಂದು ಕಾಯಿಲ್ ಚಳಿಗಾಲದಲ್ಲಿ ಮನೆಯನ್ನು ಆ ಗೆರೆ ದಾಟಿಸಬಹುದು. ರೇಷ್ಮೆ ಸಾಕುವ ಮನೆಗಳು ಎಲೆ ತಿಂದುಳಿದ ಹಿಪ್ಪುನೇರಳೆ ಕಡ್ಡಿಯಿಂದಲೇ ಸ್ನಾನದ ಹಂಡೆ ಕಾಯಿಸಿಕೊಳ್ಳುತ್ತವೆ, ಅವರಿಗೆ ಈ ತಾಪತ್ರಯವಿಲ್ಲ.

ನೀರು ಬಿಟ್ಟರೆ ಈ ಸೀಮೆಯಲ್ಲಿ ದುಡ್ಡು ಸೋರುವುದು ಬೆಲೆಯ ಏರಿಳಿತದಲ್ಲಿ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದ ವರ್ಷಗಳಲ್ಲಿ ಅದೇ ಹಣ್ಣನ್ನು ರೈತರು ರಸ್ತೆ ಬದಿಗೆ ಸುರಿದು ಹೋಗಿದ್ದಾರೆ. ಟೊಮೆಟೊ ಬೆಳೆಯುವ ತಾಲ್ಲೂಕಿನ ಮನೆಗಳೇ ಬೆಲೆ ಏರಿದಾಗ ಕಾಲು ಕಿಲೋ ಕೊಂಡು ದಿನ ತಳ್ಳುವುದು ಸರಿಯಲ್ಲ. ಆಂಧ್ರದ ಗಡಿಗೆ ಹೊಂದಿದ ಮನೆಗಳಲ್ಲಿ ಇದಕ್ಕೆ ಹಳೆಯ ದಾರಿಯಿದೆ. ಗಟ್ಟಿ ಹಣ್ಣನ್ನು ಹೆಚ್ಚಿ ಉಪ್ಪು ಬೆರೆಸಿ ಒಂದು ದಿನ ಜಾಡಿಯಲ್ಲಿಡುತ್ತಾರೆ. ಬಿಟ್ಟ ರಸಕ್ಕೆ ಹುಣಸೆಹಣ್ಣು ನೆನೆಹಾಕುತ್ತಾರೆ. ಹೋಳನ್ನೂ ರಸವನ್ನೂ ಬೇರೆಬೇರೆ ಬಿಸಿಲಿಗಿಟ್ಟು, ಹೋಳು ಬಗ್ಗಿಸಿದರೆ ಮುರಿಯದೆ ಮಡಚುವ ಹದಕ್ಕೆ ಬಂದಾಗ ಎರಡನ್ನೂ ಸೇರಿಸಿ ರುಬ್ಬಿ, ಖಾರದಪುಡಿ, ಹುರಿದ ಮೆಂತ್ಯದ ಪುಡಿ ಕಲಸಿ, ಕಾಯಿಸಿ ಆರಿಸಿದ ಎಣ್ಣೆ ಸುರಿದು ಮುಚ್ಚುತ್ತಾರೆ. ಒದ್ದೆ ಸೌಟು ತಾಕದಿದ್ದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಮುದ್ದೆಗೂ ಆಯಿತು, ಒಂದು ಚಮಚ ಹಾಕಿ ಕುದಿಸಿದರೆ ಸಾರಿಗೂ ಆಯಿತು.

ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಬೇಸಿಗೆ ಗಾಳಿಗೆ ಉದುರುವ ಕಾಯಿಯದೂ ಇದೇ ಕಥೆ. ಉದುರಿದ ಕಾಯಿಗೆ ಮಂಡಿಯಲ್ಲಿ ಬೆಲೆಯಿಲ್ಲ. ಆದರೆ ಸಿಪ್ಪೆ ಹೆರೆದು, ಹೋಳು ಮಾಡಿ, ಉಪ್ಪು ಹಚ್ಚಿ ಒಣಗಿಸಿಟ್ಟರೆ ಮಳೆಗಾಲದ ಬೇಳೆಸಾರಿಗೆ ಹುಣಸೆ ಕೊಳ್ಳಬೇಕಾಗಿಲ್ಲ. ತಿನ್ನುವ ಹಣ್ಣಿಗಾದರೂ ಬಲಿತ ಬೇನಿಶಾ, ಬಾದಾಮಿ ಕಾಯಿಯನ್ನೇ ಕೊಂಡು ಮನೆಯಲ್ಲಿ ಹುಲ್ಲಿನಲ್ಲಿ ಅಡೆ ಹಾಕುವುದು ಕ್ಷೇಮ. ಹಣ್ಣು ಮಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದನ್ನು ಕಾನೂನು ನಿಷೇಧಿಸಿದ್ದರೂ ಅದರ ಬಳಕೆ ಪೂರ್ತಿ ನಿಂತಿಲ್ಲ.

ಹುಳು ಹಿಡಿಯದಂತೆ ಅವರೆ, ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿಡುವುದು, ಬೇಳೆಗೆ ಹರಳೆಣ್ಣೆ ಸವರುವುದು ಹಿರಿಯರು ಹೇಳಿಕೊಟ್ಟದ್ದೇ. ಅದನ್ನು ಬಿಡದಿದ್ದರೆ ಸಾಕು.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಮಾಳಿಗೆಯ ಮೇಲಿದೆ, ಆದರೆ ಅದಕ್ಕೆ ಸಿಗುವ ಗಮನ ತೀರ ಕಡಿಮೆ. ಮಳೆನೀರಿನಲ್ಲಿ ಫ್ಲೋರೈಡೂ ಇಲ್ಲ, ಗಡಸುತನವೂ ಇಲ್ಲ. ನೂರು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಇಂಚು, ಅಂದರೆ 25 ಮಿಲಿಮೀಟರ್ ಮಳೆ ಬಿದ್ದರೆ 2,500 ಲೀಟರ್ ನೀರು. ಸೋರಿಕೆ, ಆವಿ ಕಳೆದು 2,000 ಲೀಟರ್ ಹಿಡಿದರೂ ಐದು ಜನರ ಮನೆಗೆ ಕುಡಿಯಲು, ಅಡುಗೆಗೆ 80 ದಿನ ಬರುತ್ತದೆ. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು 700 ಮಿಲಿಮೀಟರಿನ ಆಸುಪಾಸು. ಮಾಲೂರಿನ ಹೆಂಚು ಹೊದಿಸಿದ ಹಳೆಯ ಮನೆಗಳ ಸೂರಿಗೂ ದೋಣಿ ಕಟ್ಟಿ ನೀರು ಹಿಡಿಯಬಹುದು. ಮೊದಲ ಮಳೆಯ ಧೂಳುನೀರನ್ನು ಹೊರಗೆ ಬಿಡಬೇಕು, ಜಲ್ಲಿ ಮತ್ತು ಮರಳಿನ ಮೂಲಕ ಸೋಸಬೇಕು, ಬೆಳಕು ತಾಕದ, ಸೊಳ್ಳೆ ನುಗ್ಗದ ತೊಟ್ಟಿಯಲ್ಲಿಡಬೇಕು. ಕುದಿಸಿ ಕುಡಿಯಿರಿ ಎಂಬ ಸಲಹೆ ಹೊಂದುವುದು ಈ ನೀರಿಗೆ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ, ಆದರೆ ಅದು ನೇರ ಕುಡಿಯುವ ನೀರಲ್ಲ. ಯರಗೋಳ್ ಅಣೆಕಟ್ಟಿನ ನೀರು ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆಂದು ಇರುವುದು. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳು ಇನ್ನೂ ಕೊಳವೆಬಾವಿಯನ್ನೇ ನೆಚ್ಚಿಕೊಂಡಿವೆ. ಹಾಗಿರುವಾಗ ಪ್ರತಿ ಮನೆಗೆ ತನ್ನ ನಲ್ಲಿಯ ನೀರಿನ ಗುಣ ಗೊತ್ತಿರಬೇಕಾದದ್ದು ಹಕ್ಕು. ಜಲಜೀವನ್ ಮಿಷನ್ ಅಡಿಯಲ್ಲಿ ಊರಿಗೆ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕೆಂಬ ನಿಯಮವಿದೆ. ಆ ಪರೀಕ್ಷೆಯ ಫಲಿತಾಂಶ ಕಡತದಲ್ಲಿ ಉಳಿಯದೆ ಪಂಚಾಯಿತಿ ಗೋಡೆಗೆ, ಶಾಲೆಯ ಗೋಡೆಗೆ, ಹಾಲಿನ ಡೇರಿಯ ಬಾಗಿಲಿಗೆ ಬರಬೇಕು: ಯಾವ ಬೋರಿನದು, ಫ್ಲೋರೈಡ್ ಎಷ್ಟು, ಗಡಸುತನ ಎಷ್ಟು, ಪರೀಕ್ಷಿಸಿದ್ದು ಯಾವ ದಿನ. ಶುದ್ಧ ನೀರಿನ ಘಟಕದ ಮೇಲೂ ಅದರೊಳಗಿನ ಸೋಸುವ ಪೊರೆ (ಮೆಂಬ್ರೇನ್) ಬದಲಿಸಿದ ತಾರೀಕು ಬರೆದಿರಬೇಕು. ಪೊರೆ ಹಾಳಾದ ಘಟಕದಿಂದ ಐದು ರೂಪಾಯಿಗೆ ಬರುವುದು ಹೆಚ್ಚುಕಡಿಮೆ ಬೋರ್ ನೀರೇ. ಈ ಬೇಡಿಕೆಯನ್ನು ಮುಂದಿನ ಗ್ರಾಮಸಭೆಯಲ್ಲೇ ಹೆಣ್ಣುಮಕ್ಕಳು ಎತ್ತಬಹುದು. ಸೆಪ್ಟೆಂಬರ್, ಅಕ್ಟೋಬರಿನ ದೊಡ್ಡ ಮಳೆಗೆ ಮೊದಲು ಶಾಲೆ, ಅಂಗನವಾಡಿಗಳ ಮಾಳಿಗೆಗಾದರೂ ಪೈಪು, ತೊಟ್ಟಿ ಹಾಕಿಸಿಕೊಳ್ಳುವುದು ಪಂಚಾಯಿತಿಗಳ ಕೈಯಲ್ಲೇ ಇದೆ.