18 ತುಂಬಿದ ಮೇಲೆ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದದ್ದು 2013ರಲ್ಲಿ. ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡಿ, ಬೆಳವಣಿಗೆಯಲ್ಲಿ ತೊಡಕು ಕಂಡವರನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸುವ ಏರ್ಪಾಡು ಅದು. ಆ ವರ್ಷ 6 ತುಂಬಿದ್ದ ಆಟಿಸಂ ಮಕ್ಕಳು ಈಗ 18 ದಾಟಿದ್ದಾರೆ. ಕಾರ್ಯಕ್ರಮದ ವ್ಯಾಪ್ತಿಯೂ 18ಕ್ಕೇ ಮುಗಿಯುತ್ತದೆ. ಇನ್ನು ವರ್ಷವರ್ಷವೂ ಇಂಥವರು ಹೊರಬರುತ್ತಲೇ ಇರುತ್ತಾರೆ.

ಅವರಿಗೆ ಕೆಲಸ ಬೇಕು, ತರಬೇತಿ ಬೇಕು ಎಂಬುದು ಎಲ್ಲರಿಗೂ ಕಾಣುತ್ತದೆ. ತಮ್ಮ ಮೇಲೆ ತಮಗೇ ನಂಬಿಕೆಯಿಲ್ಲದೆ ಅವರಲ್ಲಿ ಎಷ್ಟೋ ಜನ ಬೆಳೆದಿದ್ದಾರೆ ಎಂಬುದು ಕಾಣುವುದಿಲ್ಲ. ಹಾಗೆ ಬೆಳೆಸಿದವರು ನಾವೇ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡು, ಕೈ ಆಡಿಸಬೇಡ, ನೆಂಟರ ಮುಂದೆ ಸುಮ್ನೆ ಕೂತ್ಕೋ. ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡರೆ 'ಅಂಥದ್ದೇನಾಯ್ತು ಈಗ?' ಬಾಲ್ಯವಿಡೀ ಇದನ್ನೇ ಕೇಳಿದವರು ತಮಗನ್ನಿಸುವುದೆಲ್ಲ ತಪ್ಪೆಂದೇ ತಿಳಿಯುತ್ತಾರೆ. ಕೆಲವರು ಎಲ್ಲರಂತೆ ನಟಿಸಲು ಕಲಿಯುತ್ತಾರೆ. ಹುಡುಗಿಯರಲ್ಲಿ ಇದು ಹೆಚ್ಚು, ಅವರ ಆಟಿಸಂ ತಡವಾಗಿ ಗೊತ್ತಾಗಲು ಇದೂ ಒಂದು ಕಾರಣ. ಆ ನಟನೆಯ ದಣಿವು ಕಾಲೇಜಿನಲ್ಲೋ ಮೊದಲ ನೌಕರಿಯಲ್ಲೋ ಕೆಡವಿದಾಗ ಮನೆಯವರು 'ಇಷ್ಟು ದಿನ ಸರಿಯಾಗೇ ಇದ್ಳಲ್ಲ' ಎನ್ನುತ್ತಾರೆ. ಮೂವತ್ತು ದಾಟಿದ ಮೇಲೆ ಆಟಿಸಂ ಎಂದು ತಿಳಿದು, ತಾನು ಸೋಮಾರಿಯೂ ಅಲ್ಲ ಸೊಕ್ಕಿನವಳೂ ಅಲ್ಲ ಎಂದು ನಿರಾಳವಾಗುವವರಿದ್ದಾರೆ. ಅಷ್ಟು ವರ್ಷ ಕಾಯಬೇಕಿತ್ತೇ?

1943ರಲ್ಲಿ ಮನೋವೈದ್ಯ ಲಿಯೊ ಕ್ಯಾನರ್ ಆಟಿಸಂ ಬಗ್ಗೆ ಬರೆದಾಗ ಅವರ ಪಟ್ಟಿಯ ಮೊದಲ ಹುಡುಗ ಡೊನಾಲ್ಡ್ ಟ್ರಿಪ್ಲೆಟ್. ಡೊನಾಲ್ಡ್ ಅಮೆರಿಕದ ಮಿಸಿಸಿಪಿಯ ಫಾರೆಸ್ಟ್ ಎಂಬ ಸಣ್ಣ ಊರಲ್ಲೇ ಬಾಳಿ, ಬ್ಯಾಂಕಿನಲ್ಲಿ ದುಡಿದು, ಕಾರು ಓಡಿಸಿ, ದೇಶದೇಶ ಸುತ್ತಿ 2023ರಲ್ಲಿ ತೀರಿಕೊಂಡರು. ಬ್ಯಾಂಕು ಮನೆತನದ್ದೇ ಆಗಿತ್ತೆನ್ನಿ, ಎಲ್ಲರಿಗೂ ಆ ಭಾಗ್ಯ ಎಲ್ಲಿಂದ ಬರಬೇಕು! ಆದರೂ ಊರಿನವರು ಅವರನ್ನು ತಿದ್ದಲು ಹೋಗದೆ ಇದ್ದ ಹಾಗೇ ತಮ್ಮವರೆಂದುಕೊಂಡರಲ್ಲ, ಅದಕ್ಕೆ ದುಡ್ಡು ಬೇಕಿಲ್ಲ.

ನಮ್ಮಲ್ಲಿ 18 ತುಂಬುತ್ತಿದ್ದಂತೆ ಎಷ್ಟೋ ಅಪ್ಪ ಅಮ್ಮಂದಿರು ಮೊದಲು ವಿಚಾರಿಸುವುದು ಕಾನೂನುಬದ್ಧ ಪೋಷಕತ್ವದ ಅರ್ಜಿಯನ್ನು. ತಮ್ಮ ನಂತರ ಯಾರು ಎಂಬ ಅವರ ದಿಗಿಲು ಸುಳ್ಳಲ್ಲ. ಆದರೆ ಪೋಷಕರು ಬೇಕೇ, ಬೇಕಿದ್ದರೆ ಯಾವ ವಿಷಯಕ್ಕೆ ಎಂದು ಸ್ಥಳೀಯ ಸಮಿತಿ ಪರಿಶೀಲಿಸಬೇಕೆಂದು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯೇ ಹೇಳುತ್ತದೆ. ಆಟಿಸಂ ಅನ್ನೂ ಪಟ್ಟಿಗೆ ಸೇರಿಸಿಕೊಂಡ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇನ್ನೂ ಮುಂದೆ ಹೋಗಿ, ಸೀಮಿತ ಪೋಷಕತ್ವವೆಂದರೆ ಪೋಷಕರೂ ಆ ವ್ಯಕ್ತಿಯೂ ಕೂಡಿ ತೀರ್ಮಾನಿಸುವುದು ಎನ್ನುತ್ತದೆ. ಅರ್ಜಿ ಬಂದಾಗ ಆ ಹುಡುಗನನ್ನೋ ಹುಡುಗಿಯನ್ನೋ ಎದುರು ಕೂರಿಸಿಕೊಂಡು, ಉತ್ತರಕ್ಕೆ ಕಾದು, ಬರೆದೋ ಚಿತ್ರ ತೋರಿಸಿಯೋ ಕೇಳುವ ವ್ಯವಧಾನ ಸಮಿತಿಗೆ ಬೇಕು. ಮೇಲೆ ಒಂದೇ ಸಮನೆ ಕಿರುಗುಟ್ಟುವ ಫ್ಯಾನನ್ನು ಆರಿಸಿದರೂ ಅರ್ಧ ಉಪಕಾರ.

ಥೆರಪಿ ಕೇಂದ್ರಗಳು ತಿಂಗಳ ವರದಿಯಲ್ಲಿ ಮಗು ಎಷ್ಟು ಹೊತ್ತು ಅಲುಗಾಡದೆ ಕೂತಿತು ಎಂಬುದರ ಜೊತೆಗೆ ಎಷ್ಟು ಸಲ 'ಬೇಡ' ಎಂದಿತು, ಅದನ್ನು ಎಷ್ಟು ಸಲ ಮನ್ನಿಸಿದೆವು ಎಂದೂ ಬರೆಯಲಿ. ಜಿಲ್ಲಾಸ್ಪತ್ರೆಗಳಲ್ಲಿ ವಯಸ್ಕರ ಆಟಿಸಂ ಪತ್ತೆಗೆ ವಾರಕ್ಕೊಂದು ದಿನವಾದರೂ ಮೀಸಲಾಗಲಿ. ಸ್ಥಳೀಯ ಸಮಿತಿಯಲ್ಲಿ ಅಂಗವಿಕಲ ವ್ಯಕ್ತಿಯೊಬ್ಬರಿಗೆ ಸ್ಥಾನವಿದೆ. ಅಲ್ಲಿ ಆಟಿಸಂ ಇರುವವರೇ ಕೂರುವ ಕಾಲ ಬೇಗ ಬರಲಿ, ಅರ್ಜಿಗಳ ರಾಶಿ ಬೆಳೆಯುವ ಮುಂಚೆ.